ಇಬ್ಬರು ಕೂರುವ ಕಟ್ಟೆ

ಗಾದಿಗನೂರಿನ ಬಳಿ ಡೇಟಾ ಸೆಂಟರಿನ ನಕ್ಷೆ ಮಾಡಲು ಬಂದಿದ್ದ ಎಂಜಿನಿಯರರು ಕಡ್ಡಿರಾಂಪುರದಲ್ಲಿ ಬಾಡಿಗೆ ಮನೆ ಹಿಡಿದು ಒಬ್ಬರೇ ಇದ್ದರು. ಸೈಟ್ ಆಫೀಸಿಗೆ ಯಾರೇ ಬಂದರೂ ಕುರ್ಚಿಯ ಕೆಂಧೂಳನ್ನು ಅಂಗೈಯಿಂದ ಒರೆಸಿ, "ಕುಂದ್ರಿ, ಏನ್ ಅವಸರ ಐತಿ?" ಎನ್ನುತ್ತಿದ್ದರು. ಬಂದವರಿಗೆಲ್ಲ ಅವಸರವೇ ಇರುತ್ತಿತ್ತು.

ಅವರು ಹೇಳಿದಂತೆ ಗೆರೆ ಎಳೆಯುವುದು ನನ್ನ ಕೆಲಸ. ಸಾಲುಸಾಲು ಕಂಪ್ಯೂಟರು, ಅವನ್ನು ತಣ್ಣಗಿಡುವ ಯಂತ್ರಗಳು. ಕಿಟಕಿ ಒಂದೂ ಇಲ್ಲ. ಕೊನೆಗೆ ಅವರೇ ಪೆನ್ಸಿಲ್ ಹಿಡಿದು, ಗೇಟಿನ ಪಕ್ಕದ ಬೇವಿನ ಮರದಡಿ ಉದ್ದನೆಯ ಕಟ್ಟೆಯೊಂದನ್ನು ಬರೆದರು.

"ಕಾವಲಿಗೆ ಇರೋನು ಒಬ್ಬನ ಅಲ್ರಿ ಸರ್, ಇಷ್ಟುದ್ದ ಯಾಕ?" ಎಂದೆ.

"ಒಬ್ಬನ ಇರ್ತಾನ ಅಂತನ ಇಬ್ಬರಿಗೆ ಮಾಡೀನಿ."

ಕಟ್ಟಡ ಏಳುವ ಮೊದಲೇ ಅವರು ಬೇರೆ ಊರಿನ ಕೆಲಸಕ್ಕೆ ಹೋದರು.

ಮೊನ್ನೆ ಆ ಗೇಟಿನ ಮುಂದೆ ಹಾದುಹೋದೆ. ಕಾವಲುಗಾರ ಕಟ್ಟೆಯ ಒಂದು ತುದಿಯಲ್ಲಿ ಕೂತಿದ್ದ. ನನ್ನನ್ನು ಕಂಡು, ಇನ್ನೊಂದು ತುದಿಯಲ್ಲಿಟ್ಟಿದ್ದ ಊಟದ ಡಬ್ಬಿ ಎತ್ತಿಕೊಂಡು, "ಕುಂದ್ರಿ" ಎಂದ.

ನನಗೆ ಅವಸರವಿತ್ತು.