ಹುಸೇನ್‌ಸಾಬ್ ರುಚಿ ನೋಡದ ನೀರು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಸಿಂಧನೂರಿನ ನಮ್ಮ ಲ್ಯಾಬಿನಲ್ಲಿ ಎಲ್ಲರಿಗೂ ಗೊತ್ತು. ಅದನ್ನು ಹದಿನಾಲ್ಕು ವರ್ಷ ತುಟಿ ಬಿಚ್ಚದೆ ಸಹಿಸಿಕೊಂಡವರು ಹುಸೇನ್‌ಸಾಬ್ ಒಬ್ಬರೇ. ನಾನು ಪೆಥಾಲಜಿ ಡಾಕ್ಟರು. ಬೇರೆ ಡಾಕ್ಟರರು ರೋಗಿಯ ಮೈಯಿಂದ ಕತ್ತರಿಸಿ ಕಳಿಸಿದ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಕ್ಯಾನ್ಸರ್ ಹೌದೋ ಅಲ್ಲವೋ ಹೇಳುವುದು ನನ್ನ ಕೆಲಸ. ಆ ಚೂರನ್ನು ಮೇಣದಲ್ಲಿ ಕೂರಿಸಿ, ಈರುಳ್ಳಿ ಪೊರೆಗಿಂತ ತೆಳ್ಳಗೆ ಕೊಯ್ದು, ಗಾಜಿನ ಪಟ್ಟಿಯ ಮೇಲೆ ಹಾಸಿ, ಬಣ್ಣ ಹಾಕಿ ಕೊಡುವುದು ಅವರ ಕೆಲಸ. ಬಣ್ಣ ಹಾಕದಿದ್ದರೆ ಗಾಜಿನ ಮೇಲೆ ಏನೂ ಕಾಣುವುದಿಲ್ಲ. ವರದಿಯ ಕೆಳಗೆ ಸಹಿ ನನ್ನದು, ನೋಡುವ ಕಣ್ಣಿನಲ್ಲಿ ಅರ್ಧ ಪಾಲು ಅವರದು.

ಹುಸೇನ್‌ಸಾಬ್ ಮಸ್ಕಿಯವರು. ಅವರಪ್ಪ ಬಟ್ಟೆಗೆ ಬಣ್ಣ ಹಾಕುತ್ತಿದ್ದ ರಂಗರೇಜ. ಗಿರಣಿ ಬಟ್ಟೆ ಬಂದು ಆ ಕಸುಬು ಕೂತ ಮೇಲೆ ಮಗ ಲಿಂಗಸುಗೂರಿನ ಲ್ಯಾಬೊಂದರಲ್ಲಿ ಶೀಷೆ ತೊಳೆಯಲು ಸೇರಿದರು. ನೋಡಿ ನೋಡಿಯೇ ಕೆಲಸ ಕಲಿತು, ಆಮೇಲೆ ಪರೀಕ್ಷೆ ಕಟ್ಟಿ ಪಾಸಾದರು. ಅಪ್ಪನಿಂದ ಬಂದ ಒಂದು ಚಾಳಿಯನ್ನು ಮಾತ್ರ ಬಿಡಲಿಲ್ಲ. ಬೆಳಿಗ್ಗೆ ಬಂದವರೇ ನಲ್ಲಿಯ ನೀರನ್ನು ಅಂಗೈಯಲ್ಲಿ ಹಿಡಿದು ಬಾಯಿಗೆ ಹಾಕಿಕೊಂಡು, ಒಂದು ಕ್ಷಣ ಕಣ್ಣು ಮುಚ್ಚಿ, ಉಗುಳುತ್ತಿದ್ದರು.

"ಬಣ್ಣ ನೀರಿನ ಮಾತು ಕೇಳ್ತೈತ್ರಿ ಮೇಡಂ, ನಮ್ಮ ಮಾತು ಕೇಳಂಗಿಲ್ಲ" ಎನ್ನುತ್ತಿದ್ದರು. ಲ್ಯಾಬಿನಲ್ಲಿ ಏನನ್ನೂ ಬಾಯಿಗೆ ಹಾಕಬಾರದು ಎಂದು ನಾನು ನೂರು ಸಲ ಬೈದಿದ್ದೇನೆ. ನೂರು ಸಲವೂ ತಲೆಯಾಡಿಸಿ ಮರುದಿನ ಅದನ್ನೇ ಮಾಡಿದ್ದಾರೆ.

ಅದು ಏಪ್ರಿಲ್ ತಿಂಗಳು. ಕಾಲುವೆ ನೀರು ಬಂದ್ ಆಗಿತ್ತು, ರಂಜಾನ್ ನಡೆಯುತ್ತಿತ್ತು. ತುರ್ವಿಹಾಳದ ಅಯ್ಯಮ್ಮ ಒಂದು ಪುಟ್ಟ ಶೀಷೆ ಹಿಡಿದುಕೊಂಡು ಬಂದಳು. ಭತ್ತದ ನಾಟಿಗೆ ಕೂಲಿ ಹೋಗುವ ಹೆಣ್ಣುಮಗಳು. ಬಲಗೈ ಹೆಬ್ಬೆರಳಿನ ಮೇಲೆ ಕಡಲೆ ಗಾತ್ರದ ಕೆಂಪು ಗಂಟು ಎದ್ದಿತ್ತು. ಮುಟ್ಟಿದರೆ ಸಾಕು, ರಕ್ತ. ಎರಡು ಸಲ ತೆಗೆಸಿದ್ದಳು, ಎರಡು ಸಲವೂ ಮತ್ತೆ ಬಂದಿತ್ತು. ಲಿಂಗಸುಗೂರಿನ ಸರ್ಜನ್ ಅದರ ತುದಿಯಿಂದ ಅಕ್ಕಿಕಾಳಿನಷ್ಟು ಚೂರು ಕಿತ್ತು, ಶೀಷೆಯಲ್ಲಿ ಹಾಕಿ ಕಳಿಸಿದ್ದರು. ಕೆಟ್ಟ ಗಂಟಾದರೆ ಹೆಬ್ಬೆರಳನ್ನು ಬುಡದಿಂದ ತೆಗೆಯಬೇಕು ಎಂದೂ ಹೇಳಿದ್ದರು.

"ಈ ಬೆರಳ ಹೋದ್ರ ಸಸಿ ಹೆಂಗ ಊರ್ಲಿ ಯವ್ವಾ?" ಎಂದು ಅಯ್ಯಮ್ಮ ನನ್ನನ್ನು ಕೇಳಿದಳು. ನಾನು ನೋಡೋಣ ಎಂದೆ. ಡಾಕ್ಟರರು ಉತ್ತರ ಗೊತ್ತಿಲ್ಲದಾಗ ಹೇಳುವ ಮಾತು ಅದು.

ಮೂರನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಅವಳ ಚೂರಿನ ಗಾಜಿನ ಪಟ್ಟಿ ನನ್ನ ಮೇಜಿಗೆ ಬಂತು. ಹಿಂದಿನ ದಿನವೇ ಹುಸೇನ್‌ಸಾಬ್ ಬಣ್ಣ ಹಾಕಿಟ್ಟಿದ್ದರು. ಸಣ್ಣ ರಕ್ತನಾಳಗಳೇ ಗುಂಪುಗೂಡಿ ಬೆಳೆದ ನಿರಪಾಯದ ಗಂಟು ಇರಬಹುದು ಎಂದುಕೊಂಡು ಕಣ್ಣಿಟ್ಟೆ. ಅಂಥ ಗಂಟಿನಲ್ಲಿ ಕೋಶಕೇಂದ್ರಗಳು ತಿಳಿ ನೀಲಿಯಾಗಿ, ಸಮನಾಗಿ ಕಾಣಬೇಕು. ಇಲ್ಲಿ ಮಸಿ ಬಳಿದಂತೆ ಕಪ್ಪಾಗಿ ಒತ್ತಿಕೊಂಡಿದ್ದವು. ನಾಳಗಳ ಅಂಚೇ ಸಿಗುತ್ತಿರಲಿಲ್ಲ. ರಕ್ತನಾಳದ ಕ್ಯಾನ್ಸರ್ ಹೀಗೇ ಕಾಣುತ್ತದೆ.

ಸರ್ಜನ್‌ಗೆ ಫೋನ್ ಮಾಡಿದೆ. ಹಿಂದಿನ ರಾತ್ರಿ ಅಯ್ಯಮ್ಮನಿಗೆ ರಕ್ತ ನಿಲ್ಲದೆ ಅಲ್ಲೇ ಸೇರಿಸಿಕೊಂಡಿದ್ದರು. "ಇವತ್ತು ನಾಲ್ಕಕ್ಕೆ ಆಪರೇಷನ್ನಿಗೆ ಒಳಗ ತಗೋತೀನಿ. ಬೆರಳು ತೆಗಿಲ್ಯೋ ಬ್ಯಾಡೋ, ಅಷ್ಟರಾಗ ಹೇಳ್ರಿ" ಎಂದರು.

"ಕೆಟ್ಟದ್ದೇ ಇದ್ದಂಗ ಕಾಣ್ತೈತ್ರಿ" ಎಂದೆ. ಆಡಿದ ಮಾತು ಆಡಿಯಾಗಿತ್ತು. ವರದಿ ಟೈಪ್ ಮಾಡಿಸಲು ಕೂತೆ.

ಒಂದೂವರೆಗೆ ಹುಸೇನ್‌ಸಾಬ್ ಬಾಗಿಲಲ್ಲಿ ನಿಂತರು. ಮುಖ, ತೋಳು, ಗಡ್ಡವೆಲ್ಲ ಒದ್ದೆ. ಬಾಯಿ ಒರೆಸಿಕೊಳ್ಳುವ ವ್ಯವಧಾನವೂ ಇರಲಿಲ್ಲ.

"ಮೇಡಂ, ಆ ಹೆಬ್ಬೆರಳಿನ ವರದಿ ಕಳಿಸಬ್ಯಾಡ್ರಿ. ತಪ್ಪು ನಂದೈತಿ."

"ಏನ್ ತಪ್ಪು?"

"ನಲ್ಯಾಗ ಬೋರಿನ ನೀರು ಬರಾಕತ್ತೈತ್ರಿ. ಟ್ಯಾಂಕಿನ್ಯಾಗ ಇದ್ದ ಕಾಲುವೆ ನೀರು ಮುಗದೈತಂತ ಬಿಲ್ಡಿಂಗಿನ ಮಾಲಕರು ಮೊನ್ನಿ ಟ್ಯಾಂಕರ್ ತರಿಸ್ಯಾರ, ನನಗ ಯಾರೂ ಹೇಳಿಲ್ಲ. ರೋಜಾ ಉಪಾಸ ಇದ್ದೀನಲ್ರೀ, ರುಚಿ ನೋಡಿದ್ದಿಲ್ಲ. ದಿನಾ ಮಸೀದ್ಯಾಗ ಕೈಕಾಲು ತೊಳಕೋತಿದ್ದೆ. ಇವತ್ತು ಹೊತ್ತಾತಂತ ಇಲ್ಲೇ ನಮಾಜಿಗೆ ಬಾಯಿ ಮುಕ್ಕಳಿಸಿದೆ. ಸವಳಂದ್ರ ಸವಳು!"

ನನಗೆ ನೆತ್ತಿಗೇರಿತು. ಆದರೆ ಅವರು ಹೇಳಿದ್ದು ಕೂಡಲೇ ಅರ್ಥವಾಯಿತು. ಚೂರಿಗೆ ಮೊದಲು ನೀಲಿ ಬಣ್ಣವನ್ನು ಬೇಕಾದ್ದಕ್ಕಿಂತ ಹೆಚ್ಚು ಕುಡಿಸುತ್ತಾರೆ. ನೀರಲ್ಲಿ ಜಾಲಿಸಿ, ಆಸಿಡ್ ದ್ರಾವಣದಲ್ಲಿ ಅದ್ದಿ, ಹೆಚ್ಚಾದದ್ದನ್ನು ಇಳಿಸುತ್ತಾರೆ. ಆಗ ಕೋಶಕೇಂದ್ರದಲ್ಲಷ್ಟೇ ಬಣ್ಣ ಉಳಿಯುತ್ತದೆ. ನಮ್ಮ ಬೋರಿನ ನೀರಿನಲ್ಲಿ ಕ್ಷಾರ ಅತಿ. ಪಟ್ಟಿಗೆ ಅಂಟಿಕೊಂಡು ಹೋದ ಆ ನೀರು ಆಸಿಡ್ಡಿನ ಕಸುವನ್ನೇ ಕೊಂದಿದ್ದರೆ ಬಣ್ಣ ಇಳಿದಿರುವುದಿಲ್ಲ.

"ನಿನ್ನೆ ಇದರ ಜೋಡಿ ಮತ್ಯಾವುದಕ್ಕ ಬಣ್ಣ ಹಾಕೀರಿ?"

ಪಿತ್ತಕೋಶದ ಪಟ್ಟಿಯೊಂದನ್ನು ತಂದುಕೊಟ್ಟರು. ಬರೀ ಕಲ್ಲಿಗಾಗಿ ತೆಗೆದದ್ದು, ಅದರಲ್ಲಿ ರೋಗವೇ ಇರಲಿಲ್ಲ. ಅದೂ ಮಸಿ. ಗರ್ಭಕೋಶದ್ದು ನೋಡಿದೆ, ಅದೂ ಮಸಿ. ನನ್ನ ಲೆಕ್ಕದಲ್ಲಿ ಇಡೀ ಸಿಂಧನೂರಿಗೇ ಕ್ಯಾನ್ಸರ್ ಬಂದಿರಬೇಕಿತ್ತು! ಅಕ್ಕಪಕ್ಕದ ಪಟ್ಟಿ ನೋಡದೆ ಫೋನ್ ಎತ್ತಿದವಳು ನಾನು. ಹುಸೇನ್‌ಸಾಬರ ಮೇಲೆ ಬರಬೇಕಿದ್ದ ಸಿಟ್ಟು ನನ್ನ ಮೇಲೇ ತಿರುಗಿತು.

ಸರ್ಜನ್‌ಗೆ ಫೋನ್ ಹಚ್ಚಿದೆ. ಬೇರೊಂದು ಆಪರೇಷನ್ನಿನಲ್ಲಿದ್ದರು. ನರ್ಸ್ ಎತ್ತಿ, ಹೇಳುತ್ತೇನೆ ಎಂದು ಇಟ್ಟಳು. ಹೇಳಿದಳೋ ಇಲ್ಲವೋ ಯಾರಿಗೆ ಗೊತ್ತು? ಹೇಳಿದರೂ ಬರೀ ಅನುಮಾನದ ಮಾತು ಸಾಲದು, ಅವರಿಗೆ ಬೇಕಾದ್ದು ಒಂದು ಖಚಿತ ಉತ್ತರ.

ಮೇಣದಲ್ಲಿ ಉಳಿದಿದ್ದ ಚೂರು ಕೂದಲೆಳೆಯಷ್ಟು. ಎರಡು ಪೊರೆ ಬಂದರೆ ಪುಣ್ಯ. ಒಂದಕ್ಕೆ ಮಾಮೂಲು ಬಣ್ಣ, ಇನ್ನೊಂದಕ್ಕೆ ಬೆಳ್ಳಿಯ ಬಣ್ಣ ಹಾಕಬೇಕಿತ್ತು. ಬೆಳ್ಳಿಯ ದ್ರಾವಣವು ರಕ್ತನಾಳಗಳ ಸುತ್ತಲಿನ ಸಣ್ಣ ಎಳೆಗಳನ್ನು ಕಪ್ಪಾಗಿ ಎತ್ತಿ ತೋರಿಸುತ್ತದೆ. ನಿರಪಾಯದ ಗಂಟಾದರೆ ಪ್ರತಿ ನಾಳಕ್ಕೂ ಅದರದೇ ಪೂರಾ ಉಂಗುರ ಇರುತ್ತದೆ. ಕ್ಯಾನ್ಸರ್ ಆದರೆ ಉಂಗುರಗಳು ಹರಿದು ಚೆಲ್ಲಾಪಿಲ್ಲಿಯಾಗಿರುತ್ತವೆ. ಬೆಳ್ಳಿಗೆ ಸವಳು ನೀರು ಒಂದು ಹನಿ ತಗುಲಿದರೂ ಪಟ್ಟಿ ಪೂರ್ತಿ ಕೆಟ್ಟುಹೋಗುತ್ತದೆ.

ಹುಸೇನ್‌ಸಾಬ್ ಶುದ್ಧ ನೀರಿನ ಕ್ಯಾನಿನ ಸೀಲು ಒಡೆದು ಎಲ್ಲ ಶೀಷೆಗಳನ್ನೂ ಅದರಲ್ಲೇ ತೊಳೆದರು. ಹೊರಗೆ ನಲವತ್ತೆರಡು ಡಿಗ್ರಿ ಬಿಸಿಲು. ಮುಂಜಾವಿನಿಂದ ಹನಿ ನೀರು ಕುಡಿಯದ ಆ ಐವತ್ತೆಂಟರ ಮನುಷ್ಯನ ತುಟಿ ಒಡೆದಿತ್ತು. ಮೊದಲ ಪೊರೆ ಸರಿಯಾಗಿ ಬಂತು. ಎರಡನೆಯದು ಅಂಚಿನಲ್ಲಿ ಸ್ವಲ್ಪ ಹರಿಯಿತು. ಅವರು ಅದನ್ನು ಬೆಚ್ಚಗಿನ ನೀರಿನ ಮೇಲೆ ತೇಲಿಸಿ, ಕುಂಚದಿಂದ ಹರಿದ ತುದಿ ಕೂಡಿಸಿ, ಗಾಜಿನ ಮೇಲೆ ಎತ್ತಿಕೊಂಡರು. ಗ್ಲೌಸ್ ಹಾಕಿದರೆ ಪಟ್ಟಿ ಜಾರುತ್ತದೆಂದು ಬೆಳ್ಳಿಯ ದ್ರಾವಣಕ್ಕೆ ಬರಿಗೈ ಇಟ್ಟರು.

ಮಾಮೂಲು ಬಣ್ಣದ್ದು ಮೂರಕ್ಕೆ ಸಿಕ್ಕಿತು. ಕೋಶಕೇಂದ್ರಗಳು ತಿಳಿಯಾಗಿದ್ದವು. ಆದರೆ ಗಂಟಿನ ತುದಿ ಹುಣ್ಣಾದ ಜಾಗದಲ್ಲಿ ಇನ್ನೂ ಕಿಕ್ಕಿರಿದಿದ್ದವು, ನಿರಪಾಯದ್ದು ಎನ್ನಲು ಧೈರ್ಯ ಸಾಲಲಿಲ್ಲ. ಮೂರೂ ನಲವತ್ತಕ್ಕೆ ಬೆಳ್ಳಿಯದು ಬಂತು. ಕಣ್ಣಿಟ್ಟು ಫೋಕಸ್ ತಿರುಗಿಸಿದೆ. ಕಂಡದ್ದು ಸಾಲು ಸಾಲು ಕಪ್ಪು ಉಂಗುರಗಳು. ಎಲ್ಲೂ ಹರಿದಿಲ್ಲ. ಹುಣ್ಣಿನ ಅಡಿಯಲ್ಲೂ ಪೂರಾ.

ಈ ಸಲ ನರ್ಸ್ ಎತ್ತಿದಾಗ ಕಿರುಚಿದೆ. "ಡಾಕ್ಟರ ಕಿವಿಗೆ ಹಿಡೀರಿ ಫೋನ್! ಒಳಗಿದ್ರ ಒಳಗ ಹೋಗಿ ಹಿಡೀರಿ!"

ಹಿಡಿದಳು. ಅಯ್ಯಮ್ಮನನ್ನು ಮೇಜಿನ ಮೇಲೆ ಮಲಗಿಸಿ ಕೈಗೆ ಮರಗಟ್ಟಿಸುವ ಸೂಜಿ ಕೊಟ್ಟಾಗಿತ್ತು. "ನಿರಪಾಯದ್ದು. ಗಂಟಷ್ಟೇ ತೆಗೀರಿ, ಬೆರಳು ಮುಟ್ಟಬ್ಯಾಡ್ರಿ" ಎಂದೆ. ಸರ್ಜನ್, "ಹಂಗಾದ್ರ ಗಂಟನ್ನಷ್ಟ ಬುಡದಿಂದ ಕೆತ್ತಿ ಹೊಲಿಗಿ ಹಾಕ್ತೀನಿ" ಎಂದರು.

ಹುಸೇನ್‌ಸಾಬ್ ಗೋಡೆಗೊರಗಿ ನೆಲದ ಮೇಲೆ ಕೂತುಬಿಟ್ಟಿದ್ದರು. ಅವರ ಎದುರು ನೀರು ಕುಡಿಯಲು ನನಗೆ ಮನಸ್ಸಾಗಲಿಲ್ಲ. ಸಂಜೆ ರೋಜಾ ಬಿಡುವ ಹೊತ್ತಿನವರೆಗೆ ನಾನೂ ಕುಡಿಯಲಿಲ್ಲ.

ಎಂಟನೆಯ ದಿನ ಅಯ್ಯಮ್ಮ ತೆಗೆದ ಗಂಟಿನ ವರದಿ ಒಯ್ಯಲು ಬಂದಳು. ಅದೂ ನಿರಪಾಯದ್ದೇ. ಬ್ಯಾಂಡೇಜ್ ಸುತ್ತಿದ ಹೆಬ್ಬೆರಳನ್ನು ಎತ್ತಿ ಆಡಿಸಿ ತೋರಿಸಿ ನಕ್ಕಳು. ನಾನು ಆ ಬೆರಳನ್ನು ಫೋನಿನಲ್ಲೇ ಕಡಿಸಿಹಾಕಿದ್ದೆನೆಂದು ಅವಳಿಗೆ ಗೊತ್ತಿಲ್ಲ. ಹೇಳಬೇಕೆಂದು ಕುರ್ಚಿಯನ್ನು ಅವಳ ಹತ್ತಿರ ಎಳೆದುಕೊಂಡೆ. ಅಷ್ಟರಲ್ಲಿ ವರದಿ ತಂದುಕೊಟ್ಟ ಹುಸೇನ್‌ಸಾಬರ ಕೈ ಅವಳ ಕಣ್ಣಿಗೆ ಬಿತ್ತು. ಬೆಳ್ಳಿಯ ಕಲೆ ಇನ್ನೂ ಹೋಗಿರಲಿಲ್ಲ, ಬೆರಳ ತುದಿಗಳೆಲ್ಲ ಕಪ್ಪು.

"ಯಪ್ಪಾ, ಇದೇನಾತು ನಿನ್ನ ಬೆರಳಿಗೆ?"

"ಬಣ್ಣ ಬೇ. ತೊಳದ್ರೂ ಹೋಗವಲ್ದು."

ಅಯ್ಯಮ್ಮ ಅವರ ಕೈಯನ್ನು ಎಡಗೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು. "ಈ ಬೋರಿನ ನೀರಾಗ ಬಣ್ಣ ಎಲ್ಲಿ ಇಳೀತೈತಿ? ಕಾಲುವಿ ನೀರು ಬರ್ಲಿ ತಡಿ" ಎಂದಳು.

ಹುಸೇನ್‌ಸಾಬ್ ನನ್ನ ಕಡೆ ನೋಡಲಿಲ್ಲ. ನಾನು ಅವಳ ವರದಿಯ ಕೆಳಗೆ ಸಹಿ ಹಾಕಿದೆ.