ಅತ್ತಿಗೆ ಉಳಿಸಿದ ಮಟ್ಟು

ಇದು ಹೀಗೆಯೇ ನಡೆಯಿತೆಂದು ಪ್ರಮಾಣ ಮಾಡಿ ಹೇಳಲಾರೆ. ವಿಜ್ಞಾನ ಓದಿದವನು ನಾನು, ಇಂಥ ಅನುಭವ ಹೇಳುವವರನ್ನು ಕಂಡರೆ ನಗುತ್ತಿದ್ದೆ. ನೆನಪು ತನಗೆ ಬೇಕಾದುದನ್ನು ಆಮೇಲೆ ಸೇರಿಸಿಕೊಳ್ಳುತ್ತದೆ ಎಂಬುದೂ ಗೊತ್ತು.

ಎಂಬತ್ತರ ದಶಕದ ಕೊನೆ. ಸಂಕ್ರಾಂತಿ ರಜೆಗೆ ಚಿನ್ನದ ಗಣಿಯ ಊರಾದ ಕೋರಮಂಡಲ್‌ನಲ್ಲಿ ಅಣ್ಣನ ಮನೆಗೆ ಹೋಗಿದ್ದೆ. ಟಿವಿಗೆ ಜೋಡಿಸುವ ಪುಟ್ಟ ಕಂಪ್ಯೂಟರೊಂದನ್ನು ಗೆಳೆಯನಿಂದ ತಂದಿದ್ದೆ. ನಾನು ಬರೆದ ಪ್ರೋಗ್ರಾಂ ಸ್ವರಗಳನ್ನು ಮನಬಂದಂತೆ ಪೋಣಿಸಿ ಕೆಲವು ಮಟ್ಟು ನುಡಿಸುತ್ತಿತ್ತು. ಕೇಳುವವರು ಮೆಚ್ಚಿದವು ಬದುಕುತ್ತಿದ್ದವು, ಬೇಡವೆಂದವು ಅಳಿಯುತ್ತಿದ್ದವು. ಬದುಕಿದವನ್ನು ಬೆರೆಸಿ, ಅಲ್ಲೊಂದು ಇಲ್ಲೊಂದು ಸ್ವರ ಬದಲಾಗಿ ಮುಂದಿನ ಪೀಳಿಗೆ ಹುಟ್ಟುತ್ತಿತ್ತು. ಜೀವವಿಕಾಸದ ಹಾಗೆ.

ಕೇಳಿ ಕೇಳಿ ನನ್ನ ಕಿವಿ ದಣಿಯಿತು. ಆರಿಸುವ ಕೆಲಸವನ್ನು ಅವರೆಕಾಯಿ ಸುಲಿಯುತ್ತಿದ್ದ ಅತ್ತಿಗೆಗೆ ವಹಿಸಿದೆ.

"ಇದು ಕೋಳಿ ತಿಪ್ಪೆ ಕೆದಕ್ದಂಗೈತೆ, ಬುಡು. ಇದಿರ್ಲಿ."

ಬರಬರುತ್ತ ತಮಾಷೆ ನಿಂತಿತು. ಸುಲಿಯುವುದನ್ನೂ ಬಿಟ್ಟು ಕೇಳತೊಡಗಿದರು. ಕೊನೆಗೊಂದು ದಿನ ಒಂದೇ ಮಟ್ಟು ಉಳಿಯಿತು. "ಇದೇ," ಎಂದರು.

"ಏನು ಇದೇ?"

"ಗೊತ್ತಿಲ್ಲ ಕಣಪ್ಪ. ಇದೇ."

ಅತ್ತಿಗೆ ಹುಟ್ಟುವ ಮೊದಲೇ, ಗಣಿ ಕೆಲಸದವರಿಗೆ ಬರುವ ಎದೆರೋಗದಿಂದ ಅವರ ಅಪ್ಪ ತೀರಿಕೊಂಡಿದ್ದರು. ಒಂದು ಫೋಟೊ ಕೂಡ ಇರಲಿಲ್ಲ. ಅಮ್ಮ ಅವರ ಮಾತೆತ್ತಲು ಬಿಡುತ್ತಿರಲಿಲ್ಲ. ಅಪ್ಪ ಹೇಗಿದ್ದರೆಂದು ಕೇಳಿ ಕೇಳಿ ಅತ್ತಿಗೆ ಸೋತಿದ್ದರು.

ಆ ಅಮ್ಮ ಅಂದು ಕ್ಯಾಸಂಬಳ್ಳಿಯಿಂದ ಸೊಪ್ಪಿನ ಗಂಟು ಹೊತ್ತು ಬಂದರು. ಬಂದವರು ಒಳಗೆ ನುಡಿಯುತ್ತಿದ್ದ ಆ ಮಟ್ಟು ಕೇಳಿ ಹೊಸಿಲಲ್ಲೇ ನಿಂತುಬಿಟ್ಟರು.

"ಯಾರೇ ಏಳ್ಕೊಟ್ಟಿದ್ದು ಇದನ್ನ?"

"ಯಾರೂ ಇಲ್ಲಮ್ಮ. ಮಿಸಿನ್ನು."

"ನಿಮ್ಮಪ್ಪ ಸಿಫ್ಟ್ ಮುಗಿಸ್ಕಂಡು ಬರೋವಾಗ ಆಕ್ತಿದ್ದ ಸಿಳ್ಳು ಕಣೇ ಇದು. ನಾನು ಯಾರತ್ರನೂ ಬಾಯ್ಬುಟ್ಟಿಲ್ಲ."

ಇನ್ನೊಮ್ಮೆ ನುಡಿಸಿದೆ. ಮಟ್ಟಿನ ನಡುವೆ ಒಂದು ಕಡೆ ಸದ್ದು ನಿಂತು, ತುಸು ತಡೆದು ಮುಂದುವರಿಯುತ್ತಿತ್ತು. ಅಲ್ಲಿ ಅಮ್ಮ ಕೈ ಎತ್ತಿದರು.

"ಇಲ್ಲಿ ಕೆಮ್ತಿದ್ದ."

ಅತ್ತಿಗೆ ಗಂಟನ್ನು ಇಳಿಸಿ, ಅಮ್ಮನನ್ನು ಪಕ್ಕಕ್ಕೆ ಕೂರಿಸಿಕೊಂಡರು. "ಅಪ್ಪನ ಮಕ ಎಂಗಿತ್ತಮ್ಮ?"

ಆ ಸಂಜೆ ಅಮ್ಮ ಮಾತಾಡಿದರು. ನಾನು ಹೊರಗೆ ಹೋಗಿ ಕುಳಿತೆ.

ಮಗಳು ಕೂಸಾಗಿದ್ದಾಗ ಅಮ್ಮ ತಮಗರಿವಿಲ್ಲದೆ ಗುನುಗಿರಬಹುದು. ಅತ್ತಿಗೆಯ ಕಿವಿ ಅದನ್ನೇ ಹುಡುಕಿ ಆರಿಸಿರಬಹುದು. ಹಾಗೆಂದು ಎಷ್ಟೋ ಸಲ ಸಮಾಧಾನ ಮಾಡಿಕೊಂಡಿದ್ದೇನೆ. ಆದರೆ ಬೆಂಗಳೂರಿಗೆ ಮರಳಿದ ಮೇಲೆ ಪ್ರೋಗ್ರಾಮಿನ ಒಂದೊಂದು ಸಾಲನ್ನೂ ಪರೀಕ್ಷಿಸಿದೆ. ಸಂಖ್ಯೆ ಕೊಟ್ಟದ್ದನ್ನಷ್ಟೇ ಅದು ನುಡಿಸಬಲ್ಲದು. ಸ್ವರಗಳಿಗೆ ಮಾತ್ರ ಸಂಖ್ಯೆ ಕೊಟ್ಟಿದ್ದೆ. ಮೌನಕ್ಕೆ ಕೊಟ್ಟಿರಲಿಲ್ಲ.