ವಿಮೆಯಲ್ಲಿ ಇಲ್ಲದ ಮಗ್ಗ

ಮನೆ ವಿಮೆ ನವೀಕರಣದ ಅರ್ಜಿಗೆ ನಾನು ಸಹಿ ಹಾಕಬೇಕು ಎನ್ನುವಷ್ಟರಲ್ಲಿ ನನ್ನ ಹೆಂಡತಿ ಮಗ್ಗ ನಿಲ್ಲಿಸಿ, ‘ಒಸಿ ತಡೀರಿ’ ಎಂದಳು. ಯಳಂದೂರಿನಿಂದ ಬಂದಿದ್ದ ಏಜೆಂಟ್ ತಿರುಗಿ ನೋಡಿದರು.

ನಾನು ಗಾರೆ ಕೆಲಸದವನು, ಏಳನೇ ತರಗತಿಗೇ ಶಾಲೆ ಬಿಟ್ಟವನು. ಕೊಳ್ಳೇಗಾಲದ ಈ ಮನೆಯ ಒಂದೊಂದು ಇಟ್ಟಿಗೆಯನ್ನೂ ನಾನೇ ಇಟ್ಟಿದ್ದೇನೆ. ಹಾಗಾಗಿ ಪ್ರತಿ ಸಲವೂ ಕಟ್ಟಡಕ್ಕೆ ಮಾತ್ರ ವಿಮೆ ಮಾಡಿಸುತ್ತಿದ್ದೆ. ಈ ಸಲವೂ ‘ಹಳೇದನ್ನೇ ಮುಂದುವರಿಸಿ ಸಾ’ ಎಂದಿದ್ದೆ.

‘ಬೆಂಕಿ ಬಿದ್ರೆ ಗೋಡೆಯ ನೀವು ಎರಡು ತಿಂಗ್ಳಲ್ಲಿ ಎಬ್ಬುಸ್ತೀರಿ. ಮಗ್ಗ ಸುಟ್ಟೋದ್ರೆ ನಾನೇನ್ ಮಾಡ್ಲಿ? ಅದ್ರ ಮೇಲಿರೋ ರೇಷ್ಮೆ ನಮ್ದೂ ಅಲ್ಲ, ನೇಯಾಕ್ ಕೊಟ್ಟಿರೋ ಸಾವ್ಕಾರ್ರುದು’ ಎಂದಳು.

ನಾನು ಪೆನ್ನು ಕೆಳಗಿಟ್ಟೆ. ಮನೆ ಸಾಮಾನನ್ನೂ ವಿಮೆಗೆ ಸೇರಿಸಿ ಎಂದೆ. ಏಜೆಂಟ್ ಆಗದು ಎಂಬಂತೆ ತಲೆಯಾಡಿಸಿದರು. ‘ಮನೆ ಸಾಮಾನು ಅಂದ್ರೆ ಟಿ.ವಿ., ಬೀರು ಅಷ್ಟೇ ಕಣಣ್ಣ. ಮಗ್ಗ ದುಡಿಮೆ ಸಾಮಾನು. ಅದುಕ್ಕೂ ರೇಷ್ಮೆಗೂ ಬೇರೆ ಪಾಲಿಸಿನೇ ಮಾಡುಸ್ಬೇಕು. ಇಷ್ಟು ವರ್ಸ ನೀವು ಹೇಳ್ಲೇ ಇಲ್ವಲ್ಲಕ್ಕ?’

‘ನೀವು ಕೇಳ್ತಿದ್ದುದ್ದು ಯಜಮಾನ್ರನ್ನ’ ಎಂದಳು ಅವಳು.

ಅಂದು ಎರಡು ಅರ್ಜಿ ತುಂಬಿದೆವು. ಎರಡನೆಯದರಲ್ಲಿ ಅವಳ ಹೆಸರಿದೆ. ಹದಿನಾಲ್ಕು ವರ್ಷ ಆ ಮಗ್ಗದ ಸದ್ದು ಕೇಳುತ್ತಲೇ ಊಟ ಮಾಡಿದ್ದೇನೆ. ಆದರೂ ಮನೆಯಲ್ಲಿ ಏನೇನಿದೆ ಎಂದು ಏಜೆಂಟ್ ಕೇಳಿದಾಗಲೆಲ್ಲ ನಾನು ಕೋಣೆಗಳನ್ನಷ್ಟೇ ಹೇಳಿದ್ದೆ.